ಟರ್ಬೊ ಕಾರಿಗೆ ಬೂಸ್ಟ್ ಗೇಜ್: ನಾಲ್ಕು ಶನಿವಾರಗಳ ಕೆಲಸದ ದಾಖಲೆ

ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ ಕೆಲಸ ನಾಲ್ಕು ಶನಿವಾರಗಳನ್ನು ತೆಗೆದುಕೊಂಡಿತು. ಒಟ್ಟು ಹತ್ತೊಂಬತ್ತು ಗಂಟೆ. ಅದರಲ್ಲಿ ಗೇಜನ್ನು ಕೂರಿಸಲು ಹಿಡಿದದ್ದು ಹೆಚ್ಚೆಂದರೆ ಮೂರು ಗಂಟೆ. ಉಳಿದದ್ದೆಲ್ಲ ನನ್ನದೇ ತಪ್ಪುಗಳನ್ನು ಹುಡುಕಿ ಸರಿಪಡಿಸಲು ಹೋಯಿತು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ನೆರವಾಗಲಿ ಎಂದು ಆ ತಪ್ಪುಗಳನ್ನೂ ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಕಾರು 1.4 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್. ಎಂಟು ವರ್ಷ ಹಳೆಯದು. ಎಂಜಿನ್ನಿಗೆ ತಯಾರಕರು ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ಹಾಕಿಲ್ಲ. ಬೆಳಿಗ್ಗೆ ಹೊರಟಾಗ ಚೆನ್ನಾಗಿಯೇ ಎಳೆಯುತ್ತಿತ್ತು. ಅರ್ಧ ಗಂಟೆ ಓಡಿದ ಮೇಲೆ ಏರು ಬಂದರೆ ಮಾತ್ರ ಉಸಿರು ಸಾಲದವರಂತೆ ತಡವರಿಸುತ್ತಿತ್ತು. ಎಚ್ಚರಿಕೆ ದೀಪ ಹೊತ್ತಿರಲಿಲ್ಲ. ನನ್ನ ಭ್ರಮೆಯೋ ನಿಜವೋ ಎಂದು ತಿಳಿಯಲು, ಟರ್ಬೊ ಎಂಜಿನ್ನಿನೊಳಗೆ ಒತ್ತಿ ಕಳಿಸುವ ಗಾಳಿಯ ಒತ್ತಡವನ್ನು, ಅಂದರೆ ಬೂಸ್ಟನ್ನು, ತೋರಿಸುವ ಒಂದು ಮುಳ್ಳು ಕಣ್ಣೆದುರಿಗೆ ಬೇಕೆನಿಸಿತು.

ಕೊಳ್ಳುವ ಮೊದಲು

ಬೂಸ್ಟ್ ಗೇಜ್‌ನಲ್ಲಿ ಎರಡು ಬಗೆ. ಒಂದರಲ್ಲಿ ಎಂಜಿನ್ನಿನ ಗಾಳಿಯೊತ್ತಡ ಸಣ್ಣ ಕೊಳವೆಯ ಮೂಲಕ ನೇರವಾಗಿ ಗೇಜ್‌ನೊಳಗೇ ಬಂದು ಬಾಗಿದ ಲೋಹದ ನಳಿಕೆಯನ್ನು ಅರಳಿಸಿ ಮುಳ್ಳನ್ನು ತಿರುಗಿಸುತ್ತದೆ. ಇನ್ನೊಂದರಲ್ಲಿ ಬಾನೆಟ್ ಕೆಳಗೆ ಸೆನ್ಸರ್ ಇರುತ್ತದೆ, ಒಳಗೆ ತಂತಿ ಮಾತ್ರ ಬರುತ್ತದೆ. ನಾನು ಮೊದಲನೆಯದನ್ನು ಆರಿಸಿಕೊಂಡೆ. ಅದಕ್ಕೆ ದೀಪದ ಎರಡು ತಂತಿ ಬಿಟ್ಟರೆ ವಿದ್ಯುತ್ ಕೆಲಸವಿಲ್ಲ, ಸೆನ್ಸರ್ ಬಿಸಿಗೆ ಕೆಡುವ ಚಿಂತೆಯೂ ಇಲ್ಲ. ಈಗ ಮತ್ತೆ ಕೊಳ್ಳುವುದಾದರೆ ಸೆನ್ಸರ್ ಇರುವುದನ್ನೇ ಕೊಳ್ಳುತ್ತೇನೆ. ತಂತಿಯನ್ನು ಎಲ್ಲಿ ಬೇಕಾದರೂ ಬಗ್ಗಿಸಬಹುದು, ಗಾಳಿಯ ಕೊಳವೆಯನ್ನು ಹಾಗೆ ಬಗ್ಗಿಸಲು ಆಗುವುದಿಲ್ಲ. ಏಕೆಂದು ಎರಡನೆಯ ಶನಿವಾರದ ಭಾಗದಲ್ಲಿ ಗೊತ್ತಾಗುತ್ತದೆ.

ಗೇಜ್‌ನ ವ್ಯಾಸ 52 ಮಿ.ಮೀ. ಮುಖದ ಮೇಲೆ ಸೊನ್ನೆಯ ಎಡಕ್ಕೆ −1 ಬಾರ್, ಬಲಕ್ಕೆ +2 ಬಾರ್. ನನ್ನ ಎಂಜಿನ್ 1 ಬಾರ್‌ನ ಒಳಗೇ ಇರುವುದರಿಂದ +3 ಬಾರ್‌ವರೆಗೆ ತೋರಿಸುವ ಗೇಜ್ ಬೇಡವೆಂದೆ; ಮುಳ್ಳು ಓಡಾಡುವ ಜಾಗ ಅದರಲ್ಲಿ ಇನ್ನೂ ಕಿರಿದಾಗುತ್ತದೆ. ಪಿಎಸ್‌ಐ ಅಳತೆಯ ಗೇಜ್ ಇದ್ದವರು 14.5 ಪಿಎಸ್‌ಐ ಎಂದರೆ 1 ಬಾರ್, ಅಂದರೆ 100 ಕಿಲೋಪಾಸ್ಕಲ್ ಎಂದು ಇಟ್ಟುಕೊಂಡರೆ ಸಾಕು.

ಎಲ್ಲಿ ಕೂರಿಸುವುದು ಎಂಬುದನ್ನೂ ಮೊದಲೇ ತೀರ್ಮಾನಿಸಿದೆ. ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಗೇಜ್ ಹಾಕುವ ಪ್ಲಾಸ್ಟಿಕ್ ಗೂಡುಗಳು ಸಿಗುತ್ತವೆ, ನೋಡಲು ಚೆಂದ. ನನ್ನ ಕಾರಿನಲ್ಲಿ ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇದೆ, ಅದರ ತುದಿ ಅದೇ ಕಂಬದೊಳಗೆ ಹಾದುಹೋಗುತ್ತದೆ. ಅದು ಸಿಡಿದರೆ ಗೇಜ್ ಮುಖಕ್ಕೆ ಬಂದು ಬಡಿಯುತ್ತದೆ. ಕಂಬದ ಹೊದಿಕೆಯ ಮೇಲೆ ಏರ್‌ಬ್ಯಾಗ್ ಎಂಬ ಗುರುತು ಇದ್ದರೆ ಅಲ್ಲಿ ಯಾವುದನ್ನೂ ಕೂರಿಸಬೇಡಿ. ನಾನು ಸ್ಟೀರಿಂಗ್ ಹಿಂದಿನ ಮೀಟರ್ ಫಲಕದ ಪಕ್ಕದಲ್ಲಿ, ಡ್ಯಾಶ್‌ಬೋರ್ಡ್ ಮೇಲೆ, ಬಟ್ಟಲಿನಾಕಾರದ ಗೂಡು ಅಂಟಿಸಲು ನಿರ್ಧರಿಸಿದೆ.

ಮೊದಲ ಶನಿವಾರ: ತಪ್ಪು ಕೊಳವೆ

ಉಪಕರಣಗಳು: ಸ್ಕ್ರೂಡ್ರೈವರ್, 8 ಮತ್ತು 10 ಮಿ.ಮೀ. ಸಾಕೆಟ್, ಉದ್ದ ಮೂತಿಯ ಇಕ್ಕಳ, ಹರಿತವಾದ ಬ್ಲೇಡ್, ಟಾರ್ಚ್. ಗೇಜ್ ಜೊತೆಗೆ 2 ಮೀಟರ್ ಕೊಳವೆ, ಪ್ಲಾಸ್ಟಿಕ್‌ನ ಒಂದು ಟಿ-ಜಾಯಿಂಟ್, ನಾಲ್ಕು ಕೇಬಲ್ ಟೈ ಬಂದಿದ್ದವು. ಎಂಜಿನ್ ತಣ್ಣಗಿರುವಾಗ ಶುರು ಮಾಡಿದೆ. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿದೆ.

ಬಾನೆಟ್ ಎತ್ತಿದರೆ ಕೈಗೆ ಸುಲಭವಾಗಿ ಸಿಗುವ ಒಂದು ಸಣ್ಣ ರಬ್ಬರ್ ಕೊಳವೆ ಟರ್ಬೊದ ಕಂಪ್ರೆಸರ್ ಪಕ್ಕದಿಂದ ಹೊರಟು ವೇಸ್ಟ್‌ಗೇಟ್ (ಟರ್ಬೊದ ಒತ್ತಡ ಮಿತಿ ಮೀರದಂತೆ ತಡೆಯುವ ಬಾಗಿಲು) ಕಡೆಗೆ ಹೋಗುತ್ತದೆ. ಟರ್ಬೊದ ಒತ್ತಡ ಹುಟ್ಟುವುದೇ ಅಲ್ಲಿ, ಹಾಗಾಗಿ ಅಲ್ಲಿಂದಲೇ ತೆಗೆದುಕೊಂಡರಾಯಿತು ಎಂದುಕೊಂಡೆ. ಆ ಕೊಳವೆಯನ್ನು ನಡುವೆ ಕತ್ತರಿಸಿ ಟಿ-ಜಾಯಿಂಟ್ ತುರುಕಿದೆ. ಸ್ವಲ್ಪ ಸಡಿಲ ಎನ್ನಿಸಿತು, ಕೇಬಲ್ ಟೈ ಬಿಗಿದೆ. ಗೇಜ್‌ನ ಕೊಳವೆಯನ್ನು ಕಿಟಕಿಯ ಮೂಲಕ ತಾತ್ಕಾಲಿಕವಾಗಿ ಒಳಗೆ ತಂದು, ತಮ್ಮನ ಕೈಗೆ ಗೇಜ್ ಕೊಟ್ಟು, ವಾಹನಗಳಿಲ್ಲದ ರಸ್ತೆಗೆ ಹೊರಟೆ.

ಐಡಲ್‌ನಲ್ಲಿ ಮುಳ್ಳು ಸೊನ್ನೆಯ ಮೇಲೇ ನಿಂತಿತ್ತು. ಪೆಟ್ರೋಲ್ ಎಂಜಿನ್ ಸುಮ್ಮನೆ ತಿರುಗುವಾಗ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳಲ್ಲಿ) ನಿರ್ವಾತ ಇರುತ್ತದೆ, ಮುಳ್ಳು −0.6 ಬಾರ್ ಆಸುಪಾಸಿಗೆ ಇಳಿಯಬೇಕು.

"ಅಣ್ಣ, ಇದು ಸೊನ್ನೆಯಿಂದ ಕೆಳಗೆ ಇಳಿಯುತ್ತಲೇ ಇಲ್ಲ," ಎಂದ ತಮ್ಮ.

ಗೇಜ್ ಹೊಸದು, ಓಡಿದ ಮೇಲೆ ಸರಿಹೋಗಬಹುದು ಎಂದು ಹೇಳಿ ನಾನು ಮುಂದೆ ಹೋದೆ. ಅಲ್ಲೇ ಗಾಡಿ ನಿಲ್ಲಿಸಬೇಕಿತ್ತು. ಹತ್ತು ನಿಮಿಷ ಓಡಿಸಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಮುಳ್ಳು 0.5, 0.9 ದಾಟಿ 1.3 ತಲುಪಿತು. ಅದೇ ಕ್ಷಣಕ್ಕೆ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಎಂಜಿನ್ ಬಲವನ್ನೆಲ್ಲ ಕಳೆದುಕೊಂಡಿತು, ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಕಾಲು ಎತ್ತಿದೆ. ಮನೆಯವರೆಗೆ 2,000 ಆರ್‌ಪಿಎಂ ದಾಟದಂತೆ ನಿಧಾನವಾಗಿ ಬಂದೆ.

ಆದದ್ದು ಇಷ್ಟು. ಆ ಕೊಳವೆಯ ಒಳವ್ಯಾಸ 6 ಮಿ.ಮೀ., ನಾನು ತುರುಕಿದ ಟಿ-ಜಾಯಿಂಟ್ 5 ಮಿ.ಮೀ. ಕೊಳವೆಗೆ ಮಾಡಿದ್ದು. ಒತ್ತಡ ಏರಿದ ಕೂಡಲೇ ಗಾಳಿ ಅಲ್ಲಿಂದ ಸೋರಿತು. ವೇಸ್ಟ್‌ಗೇಟ್ ತೆರೆಯುವುದು ಆ ಗಾಳಿಯ ಬಲದಿಂದಲೇ. ತಲುಪಬೇಕಾದ ಒತ್ತಡ ತಲುಪದೆ ಅದು ಮುಚ್ಚಿಕೊಂಡೇ ಇತ್ತು, ಟರ್ಬೊ ಮಿತಿ ಮೀರಿ ತಿರುಗಿತು, ಕಾರಿನ ಕಂಪ್ಯೂಟರ್ ಎಂಜಿನ್ನನ್ನು ಕಾಪಾಡಲು ಬಲವನ್ನು ಕತ್ತರಿಸಿತು. ಅದು ಕತ್ತರಿಸದಿದ್ದರೆ ಎಂಜಿನ್ನಿಗೇ ಪೆಟ್ಟು ಬೀಳುತ್ತಿತ್ತು. ಗೇಜ್‌ಗಾಗಿ ವೇಸ್ಟ್‌ಗೇಟ್ ಕೊಳವೆಯನ್ನು ಎಂದೂ ಕತ್ತರಿಸಬೇಡಿ. ಜಾಯಿಂಟ್ ಸರಿಯಾಗಿ ಕೂತರೂ ಅಲ್ಲಿ ನಿರ್ವಾತ ಕಾಣಿಸುವುದಿಲ್ಲ, ಏಕೆಂದರೆ ಅದು ಥ್ರಾಟಲ್‌ಗಿಂತ (ಆಕ್ಸಿಲರೇಟರ್ ಒತ್ತಿದಷ್ಟು ಗಾಳಿ ಬಿಡುವ ಕವಾಟಕ್ಕಿಂತ) ಮೊದಲಿನ ಜಾಗ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ತೋರಿಸುವ ಓಬಿಡಿ ರೀಡರ್ ಹಾಕಿ ಕೋಡ್ ಓದಿದೆ. ಪಿ0234, ಅಂದರೆ ಮಿತಿ ಮೀರಿದ ಬೂಸ್ಟ್. ಅದರ ಕೆಳಗೆ, ಇನ್ನೂ ಖಚಿತವಾಗದೆ ಬಾಕಿ ಉಳಿದ ಕೋಡ್‌ಗಳ ಪಟ್ಟಿಯಲ್ಲಿ ಇನ್ನೊಂದು: ಪಿ0299, ಅಂದರೆ ಸಾಲದ ಬೂಸ್ಟ್. ಒಂದೇ ಕಾರು ಹೆಚ್ಚಾಯಿತು ಎಂದೂ ಸಾಲದು ಎಂದೂ ಹೇಳುತ್ತಿತ್ತು. ನಾನು ಎರಡೂ ನನ್ನ ಟಿ-ಜಾಯಿಂಟಿನ ಫಲವೆಂದು ತಿಳಿದು ಎರಡನ್ನೂ ಅಳಿಸಿಬಿಟ್ಟೆ. ಒಂದು ಕಾಗದದ ಮೇಲೆ ಕೂಡ ಬರೆದಿಟ್ಟುಕೊಳ್ಳಲಿಲ್ಲ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಮೂರು ವಾರಗಳ ನಂತರವಷ್ಟೇ ಅದು ಅರ್ಥವಾಯಿತು.

ಕತ್ತರಿಸಿದ ಕೊಳವೆಯನ್ನು ಜೋಡಿಸಿ ಉಪಯೋಗಿಸಲಿಲ್ಲ. ಅದೇ ಅಳತೆಯ ಹೊಸ ಕೊಳವೆ ತಂದು, ಮೊದಲಿದ್ದ ಹಾಗೆಯೇ ಎರಡೂ ತುದಿಗೆ ಸ್ಪ್ರಿಂಗ್ ಕ್ಲಿಪ್ ಹಾಕಿದೆ.

ಎರಡನೆಯ ಶನಿವಾರ: ಸರಿಯಾದ ಕೊಳವೆ, ಮಡಿಚಿಕೊಂಡ ದಾರಿ

ಗೇಜ್‌ಗೆ ಬೇಕಾದದ್ದು ಥ್ರಾಟಲ್ ದಾಟಿದ ಮೇಲಿನ ಒತ್ತಡ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒತ್ತಡ. ಮ್ಯಾನಿಫೋಲ್ಡ್‌ನಿಂದ ಹೊರಡುವ ಒಂದೊಂದು ಕೊಳವೆಯನ್ನೂ ಬೆರಳಿನಿಂದ ಹಿಂಬಾಲಿಸಿ ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ದಪ್ಪನೆಯದು ಬ್ರೇಕ್ ಬೂಸ್ಟರಿಗೆ ಹೋಗುತ್ತದೆ. ಅದನ್ನು ಮುಟ್ಟುವ ಪ್ರಶ್ನೆಯೇ ಇಲ್ಲ, ಅಲ್ಲಿ ಸೋರಿದರೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇನ್ನೊಂದು ಪೆಟ್ರೋಲ್ ಟ್ಯಾಂಕಿನ ಆವಿಯನ್ನು ತರುವ ಪರ್ಜ್ ವಾಲ್ವ್‌ಗೆ ಸೇರಿದ್ದು, ಅದೂ ಬೇಡ. ಮೂರನೆಯದು ಡೈವರ್ಟರ್ ವಾಲ್ವ್‌ನ (ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಹೆಚ್ಚಿನ ಗಾಳಿಯನ್ನು ಬೇರೆಡೆ ತಿರುಗಿಸುವ ಕವಾಟದ) ತಲೆಗೆ ಹೋಗುವ ಸಣ್ಣ ಕೊಳವೆ. ಮ್ಯಾನಿಫೋಲ್ಡ್‌ನ ನಿರ್ವಾತವೂ ಒತ್ತಡವೂ ಅದರಲ್ಲಿ ಹಾಗೆಯೇ ಸಿಗುತ್ತವೆ. ಡೈವರ್ಟರ್ ವಾಲ್ವ್ ವಿದ್ಯುತ್‌ನಿಂದ ಕೆಲಸ ಮಾಡುವ ಕಾರುಗಳಲ್ಲಿ ಈ ಕೊಳವೆ ಇರುವುದಿಲ್ಲ. ಅಂಥವರು ಮ್ಯಾನಿಫೋಲ್ಡ್ ಮೇಲೆ ಬೇರೆ ಮೂತಿಯನ್ನೇ ಹುಡುಕಬೇಕು.

ಈ ಬಾರಿ ಕತ್ತರಿಸುವ ಮೊದಲು ಅಳೆದೆ. ಕೊಳವೆಯ ಒಂದು ತುದಿಯನ್ನು ಬಿಚ್ಚಿ, ಡ್ರಿಲ್ ಬಿಟ್‌ಗಳ ನುಣುಪಾದ ಹಿಂತುದಿಯನ್ನು ಒಂದೊಂದಾಗಿ ತೂರಿಸಿ ನೋಡಿದೆ. 3.5 ಮಿ.ಮೀ. ಸಡಿಲ, 4 ಮಿ.ಮೀ. ಮೆತ್ತಗೆ ಬಿಗಿಯಾಗಿ ಕೂತಿತು. 4 ಮಿ.ಮೀ. ಕೊಳವೆಗೆ ಹೊಂದುವ ಹಿತ್ತಾಳೆಯ ಟಿ-ಜಾಯಿಂಟ್ ತಂದೆ. ಮೂತಿಯ ಉಬ್ಬುಗಳ ಮೇಲೆ ಕೊಳವೆಯನ್ನು ತಳ್ಳುವಾಗ ಹೆಬ್ಬೆರಳು ನೋಯುವಷ್ಟು ಬಲ ಬೇಕಾಯಿತು; ಸರಿಯಾದ ಅಳತೆ ಎಂದರೆ ಹಾಗಿರಬೇಕು. ಮೂರು ಬಾಯಿಗೂ ಸಣ್ಣ ಸ್ಪ್ರಿಂಗ್ ಕ್ಲಿಪ್ ಹಾಕಿದೆ. ಪ್ಲಾಸ್ಟಿಕ್ ಜಾಯಿಂಟನ್ನು ಎಸೆದೆ, ಎಂಜಿನ್ ಪಕ್ಕದ ಬಿಸಿಯಲ್ಲಿ ಅದು ಪೆಡಸಾಗಿ ಒಡೆಯುವುದು ಖಚಿತ. ಗೇಜ್ ಜೊತೆ ಬಂದ ಕೊಳವೆಯೂ ತೆಳು. ಅದರ ಬದಲು 4 ಮಿ.ಮೀ. ಒಳವ್ಯಾಸದ, 2 ಮಿ.ಮೀ. ದಪ್ಪ ಗೋಡೆಯ ಸಿಲಿಕೋನ್ ಕೊಳವೆ ಹಾಕಿದೆ. ತೆಳು ಸಿಲಿಕೋನ್ ಬಿಸಿಯಾದಾಗ ನಿರ್ವಾತಕ್ಕೆ ಚಪ್ಪಟೆಯಾಗುತ್ತದೆ.

ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಲ್ಲಿ ಹೊಸ ತೂತು ಕೊರೆಯಲಿಲ್ಲ. ವೈರಿಂಗ್ ಗೊಂಚಲು ಹಾದುಹೋಗುವ ದೊಡ್ಡ ರಬ್ಬರ್ ಗ್ರೊಮೆಟ್ ಇದೆ, ಅದರ ಅಂಚಿನಲ್ಲಿ ತಂತಿಗಳಿಲ್ಲದ ಒಂದು ಮೊಲೆಯಂಥ ಉಬ್ಬು ಇತ್ತು. ಅದರ ತುದಿಯನ್ನು ಬ್ಲೇಡಿನಿಂದ ಕೊಯ್ದೆ. ಗಟ್ಟಿ ಕಬ್ಬಿಣದ ತಂತಿಯ ತುದಿಯನ್ನು ಸುರುಳಿ ಮಾಡಿ, ಟೇಪ್ ಸುತ್ತಿ, ಒಳಗಿನಿಂದ ಹೊರಕ್ಕೆ ತೂರಿಸಿದೆ. ತಂತಿಯ ತುದಿಗೆ ಕೊಳವೆಯನ್ನು ಕಟ್ಟಿ, ಹೊರಮೈಗೆ ಸಾಬೂನು ನೀರು ಸವರಿ, ಒಳಕ್ಕೆ ಎಳೆದುಕೊಂಡೆ. ಈ ಒಂದು ಕೆಲಸಕ್ಕೇ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಪೆಡಲ್‌ಗಳ ಬಳಿ ತಲೆ ಕೆಳಗಾಗಿ ಮಲಗಿ ಮಾಡಬೇಕಾದ್ದರಿಂದ ಮರುದಿನವೆಲ್ಲ ಕುತ್ತಿಗೆ ಹಿಡಿದುಕೊಂಡಿತ್ತು. ಕೊಳವೆ ಪೆಡಲ್‌ಗಳಿಗಾಗಲೀ ಸ್ಟೀರಿಂಗ್ ದಂಡಕ್ಕಾಗಲೀ ತಾಗದಂತೆ ಮೂರು ಕಡೆ ಕೇಬಲ್ ಟೈ ಹಾಕಿದೆ, ಕೊಳವೆ ನಲುಗದಷ್ಟು ಮಾತ್ರ ಬಿಗಿದೆ. ಒಟ್ಟು ಉದ್ದ 1.6 ಮೀಟರ್.

ಎಂಜಿನ್ ಶುರು ಮಾಡಿದೆ. ಮುಳ್ಳು ಎಡಕ್ಕೆ ಇಳಿದು −0.62ರ ಹತ್ತಿರ ನಿಂತಿತು. ಎಷ್ಟು ಸಂತೋಷವಾಯಿತೆಂದರೆ ಬಾನೆಟ್ ಮುಚ್ಚಿಯೇ ಬಿಟ್ಟೆ. ಆದರೆ ಆಕ್ಸಿಲರೇಟರನ್ನು ಒಮ್ಮೆ ಚುಚ್ಚಿ ಬಿಟ್ಟರೆ ಎಂಜಿನ್ನಿನ ಸದ್ದು ಏರಿ ಇಳಿದ ಮೇಲೆ ಮುಳ್ಳು ಸೋಮಾರಿಯಂತೆ ಎದ್ದು ಬರುತ್ತಿತ್ತು. ಸುಮಾರು ಒಂದು ಸೆಕೆಂಡ್ ತಡ.

ಇಲ್ಲಿ ಒಂದು ಸಿರಿಂಜ್ ನನ್ನನ್ನು ಕಾಪಾಡಿತು. ಸೂಜಿಯಿಲ್ಲದ 50 ಮಿ.ಲೀ. ಸಿರಿಂಜನ್ನು ಟಿ-ಜಾಯಿಂಟ್ ಕಡೆಯ ತುದಿಗೆ ಸಿಕ್ಕಿಸಿದೆ. 4 ಮಿ.ಮೀ. ಒಳವ್ಯಾಸದ 1.6 ಮೀಟರ್ ಕೊಳವೆಯಲ್ಲಿ ಹಿಡಿಯುವ ಗಾಳಿ ಸುಮಾರು 20 ಮಿ.ಲೀ. ಹಾಗಾಗಿ ಪೂರ್ತಿ ಒತ್ತಿದ ಸಿರಿಂಜನ್ನು 20 ಮಿ.ಲೀ. ಎಳೆದರೆ ಮುಳ್ಳು −0.5 ತೋರಿಸಬೇಕು. 40ರ ಗೆರೆಯಲ್ಲಿಟ್ಟು ಸಿಕ್ಕಿಸಿ 20ಕ್ಕೆ ಒತ್ತಿದರೆ +0.5 ತೋರಿಸಬೇಕು. ಎರಡೂ ಕಡೆ ಸರಿಯಾಗಿಯೇ ತೋರಿಸಿತು, ಹಿಡಿದುಕೊಂಡರೆ ಎರಡು ನಿಮಿಷ ಕದಲಲೂ ಇಲ್ಲ. ಅಂದರೆ ಗೇಜ್ ಸರಿಯಿದೆ, ಸೋರಿಕೆಯೂ ಇಲ್ಲ. ತಡ ಮಾತ್ರ ಇದೆ. ಹಾಗಿದ್ದರೆ ದಾರಿಯಲ್ಲಿ ಎಲ್ಲೋ ಇಕ್ಕಟ್ಟು.

ತಮ್ಮ ಸಿರಿಂಜ್ ಹಿಡಿದು ಮುಳ್ಳನ್ನು ನೋಡುತ್ತಿರಲು, ನಾನು ಕೊಳವೆಯುದ್ದಕ್ಕೂ ಬೆರಳಾಡಿಸಿದೆ. ಗ್ರೊಮೆಟ್ ದಾಟಿದ ಕೂಡಲೇ ಬ್ರೇಕ್ ಪೆಡಲ್‌ನ ಕಂಬಿಯ ಹಿಂದೆ ಕೊಳವೆ ಚೂಪಾಗಿ ತಿರುಗಿತ್ತು. ಹೊರಗಿನಿಂದ ನೋಡಿದರೆ ಬಾಗಿದೆ ಅಷ್ಟೇ, ಬೆರಳಿಗೆ ಮಾತ್ರ ಚಪ್ಪಟೆಯಾದ ಮಡಿಕೆ ಸಿಕ್ಕಿತು. ಅದನ್ನು ಬಿಡಿಸಿದ ಕ್ಷಣ ಮುಳ್ಳು ಚಟ್ಟನೆ ಕುಣಿಯಿತು. ಕೊಳವೆಯನ್ನು ಮತ್ತೆ ಹೊರಗೆ ಎಳೆದು, ತೆಂಗಿನಕಾಯಿಯ ಸುತ್ತಳತೆಯಷ್ಟು ದೊಡ್ಡ ಬಾಗು ಸಿಗುವ ದಾರಿಯಲ್ಲಿ ತಿರುಗಿಸಿ ಕಟ್ಟಿದೆ. ಮತ್ತೆ ನಲವತ್ತು ನಿಮಿಷ. ಡ್ಯಾಶ್‌ಬೋರ್ಡ್ ಮುಚ್ಚಿದ ಮೇಲೆ ಗೊತ್ತಾಗಿದ್ದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕಿತ್ತು. ಸಿರಿಂಜ್ ಪರೀಕ್ಷೆಯನ್ನು ಪ್ಲಾಸ್ಟಿಕ್ ಹೊದಿಕೆಗಳನ್ನು ಮುಚ್ಚುವ ಮೊದಲೇ ಮಾಡಿ.

ಡೀಸೆಲ್ ಕಾರಿನವರಿಗೆ ಒಂದು ಮಾತು: ನಿಮ್ಮ ಎಂಜಿನ್ ಐಡಲ್‌ನಲ್ಲಿ ಸೊನ್ನೆಯ ಹತ್ತಿರವೇ ತೋರಿಸುತ್ತದೆ, ಅದು ದೋಷವಲ್ಲ. ಡೀಸೆಲ್‌ನಲ್ಲಿ ಗಾಳಿಯನ್ನು ಕಟ್ಟಿಹಾಕಿ ವೇಗ ನಿಯಂತ್ರಿಸುವುದಿಲ್ಲವಾದ್ದರಿಂದ ಪೆಟ್ರೋಲ್‌ನಂತೆ ನಿರ್ವಾತ ಹುಟ್ಟುವುದಿಲ್ಲ.

ಮೂರನೆಯ ಶನಿವಾರ: ದೀಪ ಮತ್ತು ಗೂಡು

ಇದು ಬೇಗ ಆಯಿತು, ಮೂರು ಸಣ್ಣ ತಪ್ಪುಗಳ ಹೊರತು.

ಬ್ಯಾಟರಿ ತುದಿ ಬಿಚ್ಚಿ ಹತ್ತು ನಿಮಿಷ ಕಾದ ಮೇಲೆಯೇ ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿದೆ. ಹಳದಿ ಹೊದಿಕೆಯ ತಂತಿ, ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಅವುಗಳ ಪಕ್ಕದಲ್ಲಿ ಕೂಡ ಕೆಲಸ ಮಾಡಲಿಲ್ಲ.

ಗೇಜ್‌ನ ದೀಪಕ್ಕೆ ಬೇಕಾದದ್ದು ಒಂದು 12 ವೋಲ್ಟ್ ತಂತಿ, ಒಂದು ಅರ್ತ್. ಮೊದಲು ಸಿಗರೇಟ್ ಲೈಟರ್‌ನ ತಂತಿಯಿಂದ ತೆಗೆದುಕೊಂಡೆ. ಕೀಲಿ ತಿರುಗಿಸಿದ ಕೂಡಲೇ ದೀಪ ಹೊತ್ತಿತು, ಹಗಲೂ ಹೊತ್ತಿಯೇ ಇತ್ತು. ರಾತ್ರಿ ಮೀಟರ್ ಫಲಕದ ದೀಪಗಳು ಮಂದವಾಗಿರುವಾಗ ಇದೊಂದು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ಬಿಚ್ಚಿ, ಫ್ಯೂಸ್ ಬಾಕ್ಸಿನಲ್ಲಿ ಪಾರ್ಕಿಂಗ್ ದೀಪ ಹಾಕಿದಾಗ ಮಾತ್ರ ಜೀವ ಬರುವ ಫ್ಯೂಸನ್ನು ಮಲ್ಟಿಮೀಟರ್‌ನಿಂದ ಹುಡುಕಿದೆ. ದೀಪ ಆರಿಸಿದಾಗ 0, ಹಾಕಿದಾಗ 12.3 ವೋಲ್ಟ್. ಆ ಜಾಗಕ್ಕೆ ಫ್ಯೂಸ್ ಟ್ಯಾಪ್ ಹಾಕಿ, ಗೇಜ್‌ಗೆ ಬೇರೆಯದೇ 2 ಆಂಪಿಯರ್ ಫ್ಯೂಸ್ ಕೊಟ್ಟೆ. ಫ್ಯೂಸ್ ಟ್ಯಾಪ್‌ಗೆ ಒಂದು ದಿಕ್ಕಿದೆ: ಫ್ಯೂಸ್ ಕಿತ್ತ ಮೇಲೆ ಎರಡು ಸೀಳುಗಳಲ್ಲಿ ಯಾವುದರಲ್ಲಿ ವೋಲ್ಟ್ ಸಿಗುತ್ತದೆಯೋ ಆ ಕಡೆಯಿಂದಲೇ ಹೊಸ ತಂತಿಗೆ ವಿದ್ಯುತ್ ಹೋಗಬೇಕು. ತಿರುಗಿಸಿ ಹಾಕಿದರೆ ಹೊಸ ಭಾರವೂ ಹಳೆಯ ಫ್ಯೂಸಿನ ಮೇಲೆ ಬೀಳುತ್ತದೆ.

ಅರ್ತ್ ತಂತಿಯನ್ನು ಹತ್ತಿರದ ಒಂದು ಬೋಲ್ಟಿಗೆ ಬಿಗಿದೆ. ಗುಂಡಿಗೆ ಇಳಿದಾಗಲೆಲ್ಲ ದೀಪ ಮಿಣುಕುತ್ತಿತ್ತು. ಬೋಲ್ಟಿನ ಕೆಳಗೆ ಬಣ್ಣ ಇತ್ತು. ಉಪ್ಪು ಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ವೃತ್ತಾಕಾರದ ಟರ್ಮಿನಲ್ ಹಾಕಿ ಬಿಗಿದ ಮೇಲೆ ನಿಂತಿತು. ತಂತಿಗಳ ಜೋಡಣೆಗೆ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಕುಗ್ಗಿಸಿದೆ. ಬರಿಯ ಇನ್ಸುಲೇಷನ್ ಟೇಪ್ ಬಿಸಿಲಿಗೆ ಜಾರಿ ಅಂಟಂಟಾಗಿ ಬಿಚ್ಚಿಕೊಳ್ಳುವುದನ್ನು ಹಿಂದೆ ನೋಡಿದ್ದೇನೆ.

ಗೂಡನ್ನು ಎರಡು ಬದಿಯ ಟೇಪ್‌ನಿಂದ ಅಂಟಿಸಿದ್ದೆ, ಎರಡು ದಿನದ ಬಿಸಿಲಿಗೆ ಎದ್ದು ಬಂತು. ಡ್ಯಾಶ್‌ಬೋರ್ಡಿಗೆ ಹಿಂದೆ ಹಾಕಿದ್ದ ಹೊಳಪಿನ ಎಣ್ಣೆಯೇ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೂರು ಸಲ ಒರೆಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಹೊಸ ಟೇಪ್ ಹಾಕಿ, ಒಂದು ರಾತ್ರಿ ಭಾರ ಹೇರಿಟ್ಟೆ. ಈಗ ಕಲ್ಲಿನಂತೆ ಕೂತಿದೆ. ಗೇಜನ್ನು ಗೂಡಿನೊಳಗೆ ಸ್ವಲ್ಪ ತಿರುಗಿಸಿ, ನಾನು ಹೆಚ್ಚಾಗಿ ನೋಡುವ 0.9ರ ಗುರುತು ನೇರ ಮೇಲಕ್ಕೆ ಬರುವಂತೆ ಇಟ್ಟಿದ್ದೇನೆ. ಓಡಿಸುವಾಗ ಅಂಕಿ ಓದಬೇಕಾಗಿಲ್ಲ. ಮುಳ್ಳು ನೆಟ್ಟಗೆ ನಿಂತಿದೆಯೇ ಎಂದು ಓರೆಗಣ್ಣಿಗೆ ಕಂಡರೆ ಸಾಕು.

ನಾಲ್ಕನೆಯ ಶನಿವಾರ: ಮುಳ್ಳು ಹೇಳಿದ್ದು

ಮೊದಲು ಓಬಿಡಿ ರೀಡರ್ ಜೊತೆ ತಾಳೆ ನೋಡಿದೆ. ಅದು ಮ್ಯಾನಿಫೋಲ್ಡ್‌ನ ಒಟ್ಟು ಒತ್ತಡವನ್ನು ಕಿಲೋಪಾಸ್ಕಲ್‌ನಲ್ಲಿ ಕೊಡುತ್ತದೆ. ಹೊರಗಿನ ವಾತಾವರಣದ ಒತ್ತಡವನ್ನು ಕಳೆದರೆ ಗೇಜ್ ತೋರಿಸಬೇಕಾದ ಸಂಖ್ಯೆ. ಐಡಲ್‌ನಲ್ಲಿ 34, ಹೊರಗೆ 98: −64 ಕಿಲೋಪಾಸ್ಕಲ್, ಅಂದರೆ −0.64 ಬಾರ್. ಗೇಜ್ −0.62. ಪೂರ್ತಿ ಒತ್ತಿದಾಗ 186, ಕಳೆದರೆ 88: 0.88 ಬಾರ್. ಗೇಜ್‌ನ ಮುಳ್ಳು 0.9ಕ್ಕೆ ಕೂದಲೆಳೆ ಕೆಳಗೆ. ಇಷ್ಟು ಹೊಂದಿದರೆ ನನಗೆ ಸಾಕು.

ಓಬಿಡಿಯಲ್ಲೇ ಇಷ್ಟು ಸಿಗುವಾಗ ಗೇಜ್ ಏಕೆ ಎಂದು ಕೇಳಬಹುದು. ನನ್ನ ರೀಡರ್‌ನಲ್ಲಿ ಅಂಕಿ ತಡವರಿಸಿ ಬದಲಾಗುತ್ತದೆ, ಮೊಬೈಲ್ ಪರದೆಯನ್ನು ಓಡಿಸುತ್ತ ಓದಲಾಗುವುದಿಲ್ಲ. ಆದರೂ ಪ್ರಾಮಾಣಿಕವಾಗಿ ಹೇಳುತ್ತೇನೆ: ಕಾರಿನ ದೋಷ ಹುಡುಕುವುದಷ್ಟೇ ಉದ್ದೇಶವಾಗಿದ್ದರೆ ರೀಡರ್ ಒಂದೇ ಸಾಕಿತ್ತು, ಡ್ಯಾಶ್‌ಬೋರ್ಡ್ ಬಿಚ್ಚುವುದೇ ಬೇಕಿರಲಿಲ್ಲ.

0.88 ತೋರಿಸಿದ್ದು ಮನೆಯಿಂದ ಹೊರಟು ಐದು ನಿಮಿಷಕ್ಕೆ. ಮೂವತ್ತೈದು ನಿಮಿಷ ಓಡಿಸಿ, ಅದೇ ಗೇರಿನಲ್ಲಿ, ಅದೇ ಏರಿನಲ್ಲಿ ಮತ್ತೆ ಒತ್ತಿದೆ. ತಮ್ಮ ಓದಿ ಹೇಳುತ್ತಿದ್ದ: "0.4... 0.5... ಅಣ್ಣ, 0.55ರಲ್ಲೇ ನಿಂತಿದೆ, ಮೇಲಕ್ಕೆ ಹೋಗುತ್ತಿಲ್ಲ."

ಭ್ರಮೆಯಲ್ಲ. ಆಗ ನೆನಪಾಯಿತು, ನಾನು ಓದಿ ಅಳಿಸಿದ್ದ ಪಿ0299. ನನ್ನ ಟಿ-ಜಾಯಿಂಟ್ ಬರುವ ಮೊದಲೇ ಕಾರು ಸಾಲದ ಬೂಸ್ಟ್ ಎಂದು ಬರೆದಿಟ್ಟಿತ್ತು.

ಸೋರಿಕೆ ಹುಡುಕಲು ಒಂದು ಸಾಧನ ಮಾಡಿಕೊಂಡೆ. ಟರ್ಬೊದ ಗಾಳಿ ಒಳಹೋಗುವ ಬಾಯಿಗೆ ಹೊಂದುವ ಪಿವಿಸಿ ಮುಚ್ಚಳ, ಅದರ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಚಕ್ರದ ವಾಲ್ವ್. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಒಂದು ತುಂಡು ರಬ್ಬರ್ ಪೈಪ್ ಮತ್ತು ಕ್ಲಾಂಪ್‌ನಿಂದ ಮುಚ್ಚಳವನ್ನು ನೇರವಾಗಿ ಟರ್ಬೊ ಬಾಯಿಗೆ ಕಟ್ಟಿದೆ. ಕಾಲಿನಿಂದ ತುಳಿಯುವ ಪಂಪ್‌ನಿಂದ ಗಾಳಿ ತುಂಬಿದೆ. ಒತ್ತಡ ಎಷ್ಟೆಂದು ತೋರಿಸಲು ಹೊಸ ಗೇಜ್ ಎದುರಿಗೇ ಇತ್ತು. 0.5 ಬಾರ್ ದಾಟಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ದೊಡ್ಡ ಕಂಪ್ರೆಸರ್‌ನಿಂದ ಇದನ್ನು ಮಾಡಬೇಡಿ, ಎಂಜಿನ್ ಸೀಲ್‌ಗಳು ಎದ್ದು ಹೋಗುತ್ತವೆ.

ತಣ್ಣನೆಯ ಎಂಜಿನ್ನಿನಲ್ಲಿ 0.4ವರೆಗೆ ತುಂಬಿತು, ಇಪ್ಪತ್ತು ಸೆಕೆಂಡಿನಲ್ಲಿ ನಿಧಾನವಾಗಿ ಸೊನ್ನೆಗೆ ಇಳಿಯಿತು. ತೆರೆದಿರುವ ವಾಲ್ವ್‌ಗಳ ಮೂಲಕ, ಪಿಸ್ಟನ್ ರಿಂಗ್‌ಗಳ ಸಂದಿನಿಂದ ಅಷ್ಟು ಹೋಗುವುದು ಸಹಜ. ಎಲ್ಲ ಜೋಡಣೆಗಳಿಗೂ ಸಾಬೂನು ನೀರು ಸವರಿದೆ, ಒಂದು ಗುಳ್ಳೆಯೂ ಬರಲಿಲ್ಲ. ಎರಡು ಗಂಟೆ ವ್ಯರ್ಥವಾಯಿತು.

ದೋಷ ಇರುವುದು ಬಿಸಿಯಾದಾಗ, ಪರೀಕ್ಷೆ ಮಾಡಿದ್ದು ತಣ್ಣಗಿರುವಾಗ. ಮತ್ತೆ ಎಲ್ಲವನ್ನೂ ಜೋಡಿಸಿ, ಅರ್ಧ ಗಂಟೆ ಓಡಿಸಿ ಬಂದು, ದಪ್ಪ ಕೈಗವಸು ಹಾಕಿಕೊಂಡು ಮುಚ್ಚಳ ಕಟ್ಟಿದೆ. ಈ ಬಾರಿ ಎಷ್ಟು ತುಳಿದರೂ ಮುಳ್ಳು 0.15 ದಾಟಲಿಲ್ಲ. ಕೆಳಗಿನಿಂದ ಸ್ಸ್ ಎಂಬ ಸದ್ದು. ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಿಂದ ಥ್ರಾಟಲ್‌ಗೆ ಬರುವ ದಪ್ಪ ರಬ್ಬರ್ ಪೈಪಿನ ತಳಭಾಗದಲ್ಲಿ ಸಾಬೂನು ನೊರೆ ಉಕ್ಕುತ್ತಿತ್ತು.

ಆ ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಕ್ಲಾಂಪಿನ ಅಂಚು ಕೂರುವ ಜಾಗದಲ್ಲೇ, ಮೇಲಿನಿಂದ ಕಾಣದ ಕೆಳಮೈಯಲ್ಲಿ, ಮೂರು ಸೆಂ.ಮೀ. ಉದ್ದದ ಸೀಳು. ಅದರಿಂದ ಹೊರಟ ಎಣ್ಣೆಯ ಜಿಡ್ಡಿಗೆ ಧೂಳು ಹತ್ತಿ, ಬೀಸಣಿಗೆ ಬಿಚ್ಚಿಟ್ಟಂತೆ ಕಪ್ಪು ಗುರುತು. ತಣ್ಣಗಿರುವಾಗ ಸೀಳಿನ ತುಟಿಗಳು ಕೂಡಿಕೊಂಡು ಗೀರಿನಂತೆ ಕಾಣುತ್ತಿದ್ದವು. ಎರಡು ಹೆಬ್ಬೆರಳುಗಳಿಂದ ಬಗ್ಗಿಸಿದರೆ ಬಾಯಿ ತೆರೆದು ಒಳಗಿನ ನೂಲಿನ ಹೆಣಿಗೆ, ಹರಿದ ಎಳೆಗಳು ಕಾಣಿಸಿದವು. ಬಿಸಿಗೆ ರಬ್ಬರ್ ಮೆತ್ತಗಾಗಿ, ಒತ್ತಡಕ್ಕೆ ಉಬ್ಬಿದಾಗಲೂ ಹೀಗೆಯೇ ತೆರೆದುಕೊಳ್ಳುತ್ತಿತ್ತು. ಮೊದಲ ಶನಿವಾರ ನಾನು ಟಾರ್ಚ್ ಹಿಡಿದು ಬಗ್ಗಿದ್ದು ಇದರಿಂದ ಒಂದು ಗೇಣು ದೂರದಲ್ಲಿ.

ಟೇಪ್ ಸುತ್ತಿ ನೋಡುವ ಯೋಚನೆಯನ್ನೇ ಮಾಡಲಿಲ್ಲ. ಹೊಸ ಪೈಪ್ ಹಾಕಿದೆ. ಹಳೆಯ ಕ್ಲಾಂಪಿನ ಅಂಚು ಚೂಪಾಗಿತ್ತು, ಅದರ ಬದಲು ಅಂಚು ಮಡಿಚಿದ ಅಗಲ ಪಟ್ಟಿಯ ಕ್ಲಾಂಪ್ ಹಾಕಿದೆ. ಪೈಪಿನ ಒಳಮೈ ಮತ್ತು ಲೋಹದ ಮೂತಿ ಎರಡನ್ನೂ ಎಣ್ಣೆ ಇಲ್ಲದಂತೆ ಒರೆಸಿಯೇ ಕೂರಿಸಿದೆ. ಜಿಡ್ಡಿದ್ದರೆ ಒತ್ತಡಕ್ಕೆ ಪೈಪ್ ಜಾರಿ ಕಳಚಿಕೊಳ್ಳುತ್ತದೆ.

ನಂತರದ ಟಿಪ್ಪಣಿ

ಹೊಸ ಪೈಪ್ ಹಾಕಿದ ಸಂಜೆಯೇ, ನಲವತ್ತು ನಿಮಿಷ ಓಡಿದ ಮೇಲೆ, ಅದೇ ಏರು, ಅದೇ ಗೇರ್: 0.88. ಓಬಿಡಿಯಲ್ಲೂ ಅಷ್ಟೇ. ಕೋಡ್‌ಗಳಿಲ್ಲ, ಬಾಕಿ ಪಟ್ಟಿಯೂ ಖಾಲಿ.

300 ಕಿ.ಮೀ. ಆದ ಮೇಲೆ ಕ್ಲಾಂಪ್‌ಗಳನ್ನು ಒಮ್ಮೆ ನೋಡಿದೆ. ಇಂಟರ್‌ಕೂಲರ್ ಕಡೆಯದು ಅರ್ಧ ಸುತ್ತು ತಿರುಗಿತು, ಇನ್ನೊಂದು ಅಲುಗಲಿಲ್ಲ. ಟಿ-ಜಾಯಿಂಟಿನ ಮೂರೂ ಕ್ಲಿಪ್ ಬಿಗಿಯಾಗಿವೆ. ಎಂಜಿನ್ ಪಕ್ಕದಲ್ಲಿ ಸಿಲಿಕೋನ್ ಕೊಳವೆ ಒಂದು ಕಬ್ಬಿಣದ ಅಂಚಿಗೆ ಉಜ್ಜಿ ಮಸಕಾದ ಗೆರೆ ಬಿದ್ದಿತ್ತು. ಅಲ್ಲಿ ಸೀಳಿದ ಪ್ಲಾಸ್ಟಿಕ್ ಹೊದಿಕೆ ಹಾಕಿ ಅಂಚಿನಿಂದ ದೂರ ಕಟ್ಟಿದ್ದೇನೆ. ಗ್ರೊಮೆಟ್ ಸುತ್ತ ಮಳೆನೀರು ಒಳಬರದಂತೆ ಸಿಲಿಕೋನ್ ಸೀಲಂಟ್ ಹಚ್ಚುವುದು ಇನ್ನೂ ಬಾಕಿ ಇದೆ, ಮುಂದಿನ ಶನಿವಾರ.